ಎಸರು ಕುದಿಯುವಷ್ಟು ಹೊತ್ತು

೯ ಜೂನ್, ಸೋಮವಾರ. ಕುಂಭಾರಿ

ಸೊಲ್ಲಾಪುರದಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಇಷ್ಟಲಿಂಗ ಪೂಜೆ ತಪ್ಪುತ್ತಲೇ ಇತ್ತು. ಬೆಳಗಾದರೆ ರೊಟ್ಟಿ, ಡಬ್ಬಿ, ಬಸ್ಸು. ಪೂಜೆಯಿಲ್ಲದೆ ತಿನ್ನಬಾರದೆಂದು ಗೊತ್ತಿದ್ದೂ ತಿನ್ನುತ್ತಿದ್ದೆ. ಇವತ್ತು ಬೆಳಿಗ್ಗೆ ಅತ್ತೆಯನ್ನು ಕೇಳಿಯೇಬಿಟ್ಟೆ.

“ಹೊಲಕ್ಕ ಹೋಗೂ ದಿನ ನೀವು ಯಾವಾಗ ಪೂಜಾ ಮಾಡ್ತಿದ್ರಿ?”

“ರೊಟ್ಟಿ ಹಿಟ್ಟಿಗಿ ಎಸರಿಟ್ಟು, ಅದು ಕುದಿಯೂದ್ರಾಗ.”

“ಗ್ಯಾಸ್ ಮ್ಯಾಲ ಭಾಳ ಲಗೂ ಕುದಿತೈತ್ರಿ, ಅತ್ತಿ.”

“ಶಿವಗೇನ್ ಬಸ್ ಹಿಡಿಯೂದೈತೇನ? ಕುಂಡ್ರು, ಹುಚ್ಚಿ!”

ವಿಭೂತಿ ಹಚ್ಚಿಕೊಂಡು, ಅಡುಗೆಮನೆಯಲ್ಲೇ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತೆ. ಎಷ್ಟು ದಿನಗಳ ಮೇಲೆ ಎದೆ ಹಗುರಾಯಿತು! ಎಸರು ಇನ್ನೂ ಯಾಕೆ ಕುದಿಯಲಿಲ್ಲ ಎಂದು ಓರೆಗಣ್ಣಿನಲ್ಲಿ ನೋಡಿದೆ. ಅತ್ತೆ ಸದ್ದಿಲ್ಲದೆ ಪಾತ್ರೆಗೆ ತಣ್ಣೀರು ಸುರಿಯುತ್ತಿದ್ದರು. ನೋಡದವಳ ಹಾಗೆ ಮತ್ತೆ ಲಿಂಗದ ಕಡೆ ತಿರುಗಿದೆ. ಒಂದು ಬಸ್ಸು ಹೋಯಿತು. ಇನ್ನೊಂದು ಬಂತು.