ಏಳು ಕುರಿ ಕಡಿಮೆ

ಕಾಲ್ಟೆನ್‌ಬಾಖ್ ಕುರಿಹಟ್ಟಿ,
೧೩ ಜೂನ್ ೧೯೫೭, ಮಧ್ಯಾಹ್ನ

ಪ್ರೀತಿಯ ಕಾಸಿಯಾನ್ ಅಣ್ಣಾ,

ನಿನ್ನ ಕಾಲು ಹೇಗಿದೆ? ಪ್ಲಾಸ್ಟರ್ ಒಳಗೆ ತುರಿಕೆ ಎಂದು ಬರೆದಿದ್ದೆಯಲ್ಲ, ಕಡ್ಡಿ ತೂರಿಸಿ ಕೆರೆದುಕೊಳ್ಳಬೇಡ ಮಾರಾಯ. ಆ ಮೆರಾನ್ ಆಸ್ಪತ್ರೆಯಲ್ಲಿ ಹೊಟ್ಟೆ ತುಂಬ ಊಟ ಹಾಕುತ್ತಾರೋ ಇಲ್ಲವೋ. ಕುರಿಗಳು ಘಾಟಿ ದಾಟಿ ಬೇಸಿಗೆಯ ಹುಲ್ಲುಗಾವಲು ಸೇರಿದವು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ನೆಟ್ಟಗೆ ಮಲಗುವವನಲ್ಲ.

ನಾನೂ ನೆಟ್ಟಗೆ ಕೂತಿಲ್ಲ. ನಾಲ್ಕು ಸಾಲು ಬರೆಯುತ್ತೇನೆ, ಬಾಗಿಲಿಗೆ ಹೋಗಿ ಮೇಲೆ ನೋಡುತ್ತೇನೆ, ಮತ್ತೆ ಬರುತ್ತೇನೆ. ಹಟ್ಟಿ ನೋಡಿಕೊಳ್ಳುವ ಫಿಲೊಮೆನಾ ಅತ್ತೆ ಗದರಿಯೂ ಆಯಿತು: "ಒಲೆ ಹತ್ರ ಕೂತ್ಕೊಳ್ಳೇ ಮಹರಾಯ್ತಿ, ನೀನು ಓಡಾಡಿದ್ರೆ ಅವನೇನು ಬೇಗ ಇಳಿದು ಬರ್ತಾನಾ?" ಅವನು ಎಂದರೆ ಅಪ್ಪ. ಅಣ್ಣಾ, ಅಪ್ಪ ಇನ್ನೂ ಘಾಟಿಯ ಮೇಲಿದ್ದಾರೆ.

ನಿನ್ನ ಕಾಲು ಮುರಿದದ್ದರಿಂದ ಈ ಸಲಕ್ಕೆ ಮಾತ್ರ ಎಂದು ಮಂದೆಯ ಮುಂದೆ ನಡೆದವಳು ನಾನು. ನಿನ್ನೆ ಏರುವಾಗ ಆಕಾಶ ತಿಳಿಯಾಗಿತ್ತು. ಘಾಟಿಯ ನೆತ್ತಿ ದಾಟುವಷ್ಟರಲ್ಲಿ ಹಿಮಗಾಳಿ ಎದ್ದಿತು. ಹೊಸ ಹಿಮ ಕುರಿಗಳ ಹೊಟ್ಟೆ ಮುಟ್ಟುತ್ತಿತ್ತು. ಮುಂದಿನ ಕುರಿ ನಿಂತಿತು, ಹಿಂದೆ ಆರುನೂರೂ ನಿಂತವು. "ಹಿಂದಕ್ಕೆ ತಿರುಗಿಸೇ! ಎಲ್ಲಾ ಸಾಯ್ತವೆ!" ಎಂದು ಅಪ್ಪ ಹಿಂದಿನಿಂದ ಕೂಗುತ್ತಿದ್ದರು. ನಾನು ತಿರುಗಿಸಲಿಲ್ಲ. ಆ ಇಳಿಜಾರಿನಲ್ಲಿ ತಿರುಗಿಸಿದ್ದರೆ ಒಂದರ ಮೇಲೊಂದು ಬಿದ್ದು ಕಂದರಕ್ಕೆ ಉರುಳುತ್ತಿದ್ದವು. ಹಿಮ ತುಳಿಯುತ್ತಾ ಮುಂದೆ ಹೋದೆ, ಅದೇ ಜಾಡಿನಲ್ಲಿ ವಾಪಸು ಬಂದೆ, ಮತ್ತೆ ಹೋದೆ. ನಾಲ್ಕನೆಯ ಸಲ ಕಿವಿ ಹಿಡಿದು ಎಳೆದಾಗ ಮುಂದಿನ ಕುರಿ ಹೆಜ್ಜೆ ಇಟ್ಟಿತು. ಆಮೇಲೆ ಎಲ್ಲವೂ ಸಾಲಾಗಿ ಬಂದವು.

ಕೆಳಗೆ ಬಂದು ಎಣಿಸಿದರೆ ಏಳು ಕಡಿಮೆ. ಅಪ್ಪ ನನ್ನ ಮುಖವನ್ನೂ ನೋಡಲಿಲ್ಲ. ಇಂದು ಬೆಳಗಾಗುತ್ತಲೇ ಕೋಲು ಹಿಡಿದು ಹೊರಟರು. ನಾನೂ ಬರ್ತೀನಿ ಅಂದರೆ, "ನಿನ್ನ ಮಾತು ಕೇಳೋ ಕುರಿಗಳ ಹತ್ರ ನೀನಿರು" ಅಂದರು. ಅದು ಬೈಗುಳವೋ ಏನೋ, ಅದನ್ನೇ ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದೇನೆ. ಎಪ್ಪತ್ತೊಂದು ವರ್ಷ ಅವರಿಗೆ. ಈಗ ಮೋಡ ಕವಿದು ಘಾಟಿಯೇ ಕಾಣುತ್ತಿಲ್ಲ.

ಕಾಗದ ಒಯ್ಯುವ ಹೇಸರಗತ್ತೆಯವನು ಅವಸರ ಮಾಡುತ್ತಿದ್ದಾನೆ. ನಿನ್ನ ಮೂಳೆಯನ್ನೂ ಅಪ್ಪನ ಹೆಜ್ಜೆಯನ್ನೂ ದೇವರು ಕಾಯಲಿ.

ನಿನ್ನ ತಂಗಿ,
ನೋಟ್‌ಬುರ್ಗಾ

ಹೇಸರಗತ್ತೆಯವನನ್ನು ನಿಲ್ಲಿಸಿ ಬರೆಯುತ್ತಿದ್ದೇನೆ: ಅಪ್ಪ ಬಂದರು! ಐದು ಕುರಿ ಸಿಕ್ಕವು, ಎರಡು ಸತ್ತಿವೆ. ಹಿಮದ ಬಿಳುಪಿಗೆ ಅವರ ಕಣ್ಣು ಊದಿ ಮುಚ್ಚಿಹೋಗಿವೆ. ಎರಡು ದಿನದಲ್ಲಿ ಸರಿಹೋಗುತ್ತದೆ ಅನ್ನುತ್ತಾಳೆ ಅತ್ತೆ. ಅವರು ನನ್ನ ಕೈ ತಡಕಿ ಹಿಡಿದು ಹೇಳಿದ್ದನ್ನು ನೀನು ನನ್ನಿಂದಲೇ ಕೇಳಬೇಕು: "ತಿರುಗಿಸಿದ್ರೆ ಎಲ್ಲಾ ಹೋಗ್ತಿದ್ವು. ಇನ್ಮೇಲೆ ಮುಂದೆ ನಡೆಯೋಳು ನೀನೇ." ಅದು ನಿನ್ನ ಜಾಗ ಅಣ್ಣಾ. ಗೊತ್ತಿದ್ದೂ ನಾನು ಹೂಂ ಅಂದುಬಿಟ್ಟೆ.