ಮೂರನೆಯ ಚರಣದ ಚೀಟಿ

ಹಿಂದೂಪುರ
೧೧ ನವೆಂಬರ್ ೨೦೨೫, ಮಂಗಳವಾರ

ಪ್ರೀತಿಯ ತಮ್ಮ ಆನಂದನಿಗೆ,

ಇಷ್ಟು ಸಿಟ್ಟಿನಲ್ಲೂ ಪ್ರೀತಿಯ ಅಂತಲೇ ಬರೆದಿದ್ದೇನೆ, ಅದನ್ನು ಮೊದಲು ಗಮನಿಸು. ನಿನ್ನ ಗಂಟಲು ಹೇಗಿದೆ? ಕ್ಲಾಸಿನಲ್ಲಿ ಸೀಮೆಸುಣ್ಣದ ಪುಡಿ ಕುಡಿದೂ ಕುಡಿದೂ ಕೆಮ್ಮುತ್ತಿದ್ದೆಯಲ್ಲ, ಬಿಸಿನೀರು ಕುಡಿಯುತ್ತಿದ್ದೀಯಾ? ಮಗಳಿಗೆ ಹಲ್ಲು ಬಂದವಾ? ಇಲ್ಲಿ ನಿನ್ನ ಭಾವನ ಬೆನ್ನುನೋವು ಹಾಗೇ ಇದೆ. ಸ್ಕೂಲ್ ವ್ಯಾನಿನ ಆ ಹಾಳು ಸೀಟು ಬದಲಾಗುವ ತನಕ ಅದು ವಾಸಿಯಾಗುವುದಿಲ್ಲ. ನನಗೆ ಕಾಯಿಲೆ ಏನೂ ಇಲ್ಲ, ಹೊಟ್ಟೆ ಉರಿಯುತ್ತಿದೆ ಅಷ್ಟೆ. ಒಂದು ತಿಂಗಳಿಂದ ಫೋನ್ ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ. ವಾಟ್ಸ್ಯಾಪಿನಲ್ಲಿ ಒಡಹುಟ್ಟಿದ ಅಕ್ಕನನ್ನೇ ಬ್ಲಾಕ್ ಮಾಡಿದ್ದೀಯ. ಅಂಚೆಯವನನ್ನು ಬ್ಲಾಕ್ ಮಾಡಲು ಆಗುವುದಿಲ್ಲವೆಂದು ಈ ಕಾಗದ.

ಮೂವತ್ತನೆಯ ತಾರೀಖು ಭಾನುವಾರ ನಿಮ್ಮ ಕಲ್ಯಾಣದುರ್ಗದ ಚರ್ಚಿನಲ್ಲಿ ನಮ್ಮ ಹಾಡು ಇದೆ, ನಿನಗೆ ಮರೆತಿರಲಾರದು. ಮೂರು ಶಾಲೆಯ ಮಕ್ಕಳು ನಮ್ಮ ನಾಲ್ವರ ಜೊತೆ ಹಾಡಬೇಕು, ಅದರಲ್ಲಿ ಒಂದು ಶಾಲೆಯ ಮಕ್ಕಳಿಗೆ ಕಲಿಸಿದವನು ನೀನೇ. ಈಗ ನಾಲ್ವರು ಎಲ್ಲಿದ್ದೇವೆ? ಮೇಲಿನ ಸ್ವರಕ್ಕೆ ನಾನಿದ್ದೇನೆ, ಅದರ ಕೆಳಗೆ ಚಿಕ್ಕಪ್ಪನ ಮಗಳು ಸುಷ್ಮಾ, ಅದಕ್ಕೂ ಕೆಳಗೆ ನಿನ್ನ ಭಾವ. ಎಲ್ಲಕ್ಕಿಂತ ಕೆಳಗಿನ ಬೇಸ್ ಸ್ವರಕ್ಕೆ ಹನ್ನೊಂದು ವರ್ಷದಿಂದ ಇದ್ದವನು ನೀನು. ಹಿಂದೂಪುರದಿಂದ ಲೇಪಾಕ್ಷಿಯವರೆಗೆ ನಾವು ಹಾಡದ ಸಭೆ ಇಲ್ಲ, ಒಂದು ದಿನವೂ ಮೂವರೇ ನಿಂತು ಹಾಡಿದವರಲ್ಲ. ಹತ್ತೊಂಬತ್ತರೊಳಗೆ ಏನಾದರೂ ಹೇಳಿ ಅಂತ ಅಲ್ಲಿನ ಪಾಸ್ಟರಯ್ಯ ಗಡುವು ಕೊಟ್ಟಿದ್ದಾರೆ. "ನಾಲ್ಕು ಜನ ಆದ್ರೆ ಬನ್ನಿ ಕಣಮ್ಮ, ಇಲ್ದಿದ್ರೆ ಕೀಬೋರ್ಡಲ್ಲಿ ಬೇಸ್ ಒತ್ಕೊಂಡು ಮಕ್ಕಳೇ ಹಾಡ್ಕೋತವೆ" ಅಂದರು. ನಿನ್ನ ಜಾಗಕ್ಕೆ ಕೀಬೋರ್ಡು.

ಬೇರೆಯವರನ್ನು ಹುಡುಕಲಿಲ್ಲ ಅಂದುಕೊಳ್ಳಬೇಡ. ರಿಟೈರ್ ಆದ ಹೆಡ್ಮಾಸ್ಟರು ರಾಮಲಿಂಗಯ್ಯನವರನ್ನು ಎರಡು ಶನಿವಾರ ಮನೆಗೆ ಕರೆಸಿದೆ. ಕಂಠವೇನೋ ಗುಡುಗಿನ ಕಂಠ. ಆದರೆ ಅವರು ಕೆಳಗಿನ ಸ್ವರದಲ್ಲಿ ಎರಡು ಸಾಲು ನಿಂತರೆ ಹೆಚ್ಚು, ಮೂರನೆಯ ಸಾಲಿಗೆ ನನ್ನ ಸ್ವರಕ್ಕೆ ಏರಿಬಿಡುತ್ತಾರೆ. ಯಾಕೆ ಸಾರ್ ಅಂದರೆ, "ಹಾಡು ಅಲ್ಲಿ ಹೋಯ್ತಾ ಐತಲ್ಲಮ್ಮ, ನಾನೊಬ್ನೇ ಇಲ್ಲಿ ಕುಂತು ಏನ್ ಮಾಡ್ಲಿ?" ಅಂತ ನನ್ನನ್ನೇ ಕೇಳಿದರು. ನಗು ಬಂತು, ಆಮೇಲೆ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಅತ್ತೆ. ಯಾಕೆಂದರೆ ನೀನೂ ಅದನ್ನೇ ಹೇಳುತ್ತಿದ್ದೆ. "ಅಕ್ಕ, ನನ್ನ ಹಾಡು ಮನೆಯ ಪಾಯ ಇದ್ದಂಗೆ ಕಣಕ್ಕ, ಯಾರೂ ನೋಡಲ್ಲ. ಒಂದೇ ಒಂದು ಚರಣ ನಾನೊಬ್ನೇ ಹಾಡ್ತೀನಿ" ಅಂತ ಎಷ್ಟು ವರ್ಷ ಕೇಳಿದೆ. ನಾನು ಆಗಲಿ ಆಗಲಿ ಅಂತ ಮುಂದೆ ತಳ್ಳುತ್ತಲೇ ಬಂದೆ.

ಅದಕ್ಕೇ ನನಗೆ ತಡೆಯಲಾಗದ ಸಿಟ್ಟು. ಕಡೆಗೂ ಕೊಟ್ಟೆನಲ್ಲ? ಹೋದ ತಿಂಗಳು ನಮ್ಮ ಚರ್ಚಿನ ಸುಗ್ಗಿ ಆರಾಧನೆಯ ದಿನ ಬಸ್ಸು ತಡವಾಗಿ, ನೀನು ಅರ್ಧ ಆರಾಧನೆಗೆ ಬೆವರು ಸುರಿಸಿಕೊಂಡು ಬಂದೆ. ಬಾಗಿಲಲ್ಲಿ ನಾನು ಒರಟಾಗಿ ಮಾತಾಡಿದೆ, ಒಪ್ಪುತ್ತೇನೆ. "ಬಂದ್ರೆ ಬಾ, ಇಲ್ದಿದ್ರೆ ಬಿಡು, ನೀನಿಲ್ದೆ ಇಲ್ಲೇನೂ ನಿಂತೋಗಲ್ಲ" ಅಂದೆ. ನಿನ್ನ ಮುಖ ಸಣ್ಣಗಾಯಿತು. ಹಾಡಲು ನಿಂತ ಮೇಲೆ ಕರುಳು ಚುರುಕ್ ಅಂದು, ಎರಡನೆಯ ಚರಣ ಮುಗಿಯುವುದರೊಳಗೆ ಕಾಣಿಕೆಯ ಕವರ್ ಹರಿದು ಅದರ ಹಿಂದೆ ಚೀಟಿ ಗೀಚಿದೆ. ಮೂರನೆಯ ಚರಣ ನೀನೇ ಹಾಡು ಅಂತ ಹೇಳುವುದಕ್ಕೆ. ಸುಷ್ಮಾ, ನಿನ್ನ ಭಾವ ಇಬ್ಬರ ಕೈ ದಾಟಿ ಚೀಟಿ ನಿನಗೆ ಬಂತು. ನೀನು ಅದನ್ನು ನೋಡಿದೆ, ನನ್ನನ್ನು ನೋಡಿದೆ, ಹಾಡಿನ ಫೈಲು ಬೆಂಚಿನ ಮೇಲಿಟ್ಟು ಇಡೀ ಸಭೆಯ ಕಣ್ಣೆದುರು ಹೊರಗೆ ನಡೆದುಬಿಟ್ಟೆ. ಮೂರನೆಯ ಚರಣಕ್ಕೆ ಬಾಯಿ ತೆರೆಯುವವರು ಯಾರೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಶಾಲೆಯ ಮಕ್ಕಳು ಕಿಸಕ್ಕನೆ ನಕ್ಕವು. ಕೇಳಿದ್ದನ್ನೇ ಕೈಗೆ ಕೊಟ್ಟರೆ ಮುಖಕ್ಕೆ ಎಸೆದು ಹೋಗುತ್ತಾರಾ? ನಮ್ಮ ಅಪ್ಪ ನಿನಗೆ ಕಲಿಸಿದ್ದು ಇದನ್ನೇನಾ?

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತ ನಿನ್ನ ಭಾವ ದಿನಾ ಹೇಳುತ್ತಾರೆ. ಯಾರ ಮೂಗು ಅಂತ ಮಾತ್ರ ಬಾಯಿ ಬಿಡುವುದಿಲ್ಲ. ಹತ್ತೊಂಬತ್ತರೊಳಗೆ ನಿನ್ನಿಂದ ಮಾತು ಬರದಿದ್ದರೆ ಕಾರ್ಯಕ್ರಮ ಬೇಡವೆಂದು ಪಾಸ್ಟರಯ್ಯನಿಗೆ ಹೇಳಿ, ನಾಲ್ಕೂ ಫೈಲು ಕಟ್ಟಿ ಅಟ್ಟಕ್ಕೆ ಹಾಕುತ್ತೇನೆ. ಇನ್ನು ನಾವು ಹಾಡುವುದೇ ಬೇಡ.

ಮಗಳಿಗೆ ನನ್ನ ಮುತ್ತು ಕೊಡು. ಮನೆಯವರಿಗೆಲ್ಲ ವಂದನೆ ತಿಳಿಸು. ದೇವರು ನಿನ್ನ ಗಂಟಲನ್ನೂ, ನಿನ್ನ ಬುದ್ಧಿಯನ್ನೂ ಕಾಪಾಡಲಿ.

ನಿನ್ನ ಅಕ್ಕ,
ಶೋಭಾರಾಣಿ

ಇನ್ನೊಂದು ಮಾತು: ಕವರಿಗೆ ಅಂಟು ಹಚ್ಚುವಾಗ ಸುಷ್ಮಾ ಬಂದಳು. ಫೈಲುಗಳನ್ನು ಒಟ್ಟು ಮಾಡಿಡಲು ಅವಳು ನಿನ್ನದನ್ನು ತೆರೆದರೆ ಆ ಚೀಟಿ ಅದರೊಳಗೇ ಇತ್ತಂತೆ. "ಅಕ್ಕ, ಹಿಂಗಾ ಬರೆಯೋದು ಒಡಹುಟ್ಟಿದೋನಿಗೆ?" ಅಂತ ನನ್ನ ಮುಂದೆ ಹಿಡಿದಳು. "ಇನ್ನು ನೀ ಪಾಡು." ನನ್ನದೇ ಅಕ್ಷರ. ಅವಳು ಓದಿದ ಹಾಗೆ ಓದಿದ ಮೇಲೆ ನನಗೆ ಗೊತ್ತಾಯಿತು. ಆನಂದ, ಅವಸರದಲ್ಲಿ ನನ್ನ ಕೈಗೆ ಕನ್ನಡ, ತೆಲುಗು ಎರಡೂ ಒಟ್ಟಿಗೆ ಬರುತ್ತವೆ, ನಿನಗೆ ಗೊತ್ತಲ್ಲ. ನಾನು ಬರೆದ 'ನೀ' ಕನ್ನಡದ್ದು, 'ಪಾಡು' ಮಾತ್ರ ತೆಲುಗಿನದು. ನಾವು ಹಾಡುತ್ತಿದ್ದದ್ದು ತೆಲುಗು ಹಾಡು ತಾನೇ, ಅದಕ್ಕೇ ಹಾಡು ಅನ್ನುವ ಕಡೆ ಪಾಡು ಅಂತ ಬಂತು. ನೀನು 'ನೀ' ಅನ್ನುವುದನ್ನು ತೆಲುಗಿನಲ್ಲಿ ಓದಿ 'ನಿನ್ನ' ಅಂದುಕೊಂಡೆ, 'ಪಾಡು' ಅನ್ನುವುದನ್ನು ಕನ್ನಡದಲ್ಲಿ ಓದಿದೆ. ಇನ್ನು ನಿನ್ನ ಪಾಡು ನಿನಗೆ, ಅಂತ. ಬಾಗಿಲಲ್ಲಿ ನಾನು ಅಂದ ಮಾತಿನ ಮೇಲೆ ಇದನ್ನು ಓದಿದವನು ಇನ್ನೇನು ಮಾಡಿಯಾನು? ನಾನಾಗಿದ್ದರೂ ಎದ್ದು ಹೋಗುತ್ತಿದ್ದೆ. ಮೇಲೆ ಬರೆದದ್ದನ್ನು ಹರಿಯುವುದಿಲ್ಲ, ತಿಂಗಳಿಡೀ ನನಗಾದ ಸಂಕಟವೂ ನಿನಗೆ ತಿಳಿಯಲಿ. ಮೂರನೆಯ ಚರಣ ಯಾರಿಗೂ ಕೊಟ್ಟಿಲ್ಲ. ರಾಮಲಿಂಗಯ್ಯನವರಿಗೂ ಕೊಟ್ಟಿಲ್ಲ. ಅಂಚೆಗೆ ಹೊತ್ತಾಯಿತು, ಈ ಸಲ ಪೂರ್ತಿ ಕನ್ನಡದಲ್ಲೇ ಬರೆಯುತ್ತೇನೆ: ತಮ್ಮಾ, ಇನ್ನು ನೀನು ಹಾಡು.