ಮೂರು ಗಿಳಿ, ಒಂದು ಕೆಮ್ಮು

ಲಾಂಡ್ರಿಯ ಮೇಲಿನ ಮನೆ
ತಾರೀಕು ಹದಿನೇಳು, ಭಾನುವಾರ ಮಧ್ಯಾಹ್ನ

ನನ್ನ ಸೊಸೆಗೆ, ಅತ್ತೆಯ ಪ್ರೀತಿಯ ನೆನಪುಗಳು.

ಮೊದಲು ನಿನ್ನ ಆರೋಗ್ಯ. ಹೇಗಿದ್ದೀ ಎಂದು ಕೇಳಿದರೆ ನೀನು ‘ಚೆನ್ನಾಗಿದ್ದೀನಿ ಅತ್ತೆ’ ಎಂದೇ ಬರೆಯುತ್ತೀ, ಅದು ನನಗೆ ಗೊತ್ತು. ಆದ್ದರಿಂದ ಹಾಗೆ ಕೇಳುವುದಿಲ್ಲ. ಎದೆ ಡಾಕ್ಟರು ಊದಿ ಉಸಿರು ಅಳೆಯುವುದಕ್ಕೆ ಒಂದು ಕೊಳವೆ ಕೊಟ್ಟಿದ್ದಾರಂತಲ್ಲ, ಬೆಳಿಗ್ಗೆ ಊದಿದರೆ ಅದರ ಮುಳ್ಳು ಎಷ್ಟಕ್ಕೆ ನಿಲ್ಲುತ್ತದೆ, ಸಂಜೆ ಎಷ್ಟಕ್ಕೆ, ಅದನ್ನು ಬರೆ. ನಿನ್ನ ಬಾಯಿ ಮರ್ಯಾದೆಗೆ ಕಟ್ಟುಬಿದ್ದು ಸುಳ್ಳು ಹೇಳುತ್ತದೆ. ಮುಳ್ಳಿಗೆ ಅತ್ತೆಯ ಹಂಗಿಲ್ಲ. ನಿನ್ನ ಅಮ್ಮನ ಮಂಡಿನೋವು ಹೇಗಿದೆ ಎಂದೂ ತಿಳಿಸು. ಮೆಟ್ಟಿಲು ಹತ್ತಬೇಡಿ ಎಂದು ಹೇಳು. ನನ್ನ ಹೆಸರು ಹೇಳಿದರೆ ಕೇಳುವುದಿಲ್ಲ, ನಿನ್ನ ಮಾತೆಂದೇ ಹೇಳು.

ಈಗ ಈ ಗಿಳಿಗಳ ಪ್ರಕರಣಕ್ಕೆ ಇಲ್ಲಿಯವರೆಗೆ ಬಿದ್ದ ಖರ್ಚು. ಹಜಾರದ ಜಮಖಾನ ಒಂದು, ಹೋಯಿತು. ದಪ್ಪ ಪರದೆಗಳು ನಾಲ್ಕು, ಹೋದವು. ಮೆತ್ತನೆಯ ಸೋಫಾ ಕೆಳಗಿನ ಅಂಗಡಿಗೆ ಇಳಿಯಿತು. ಅದರ ಮೇಲೆ ಗಿರಾಕಿಗಳು ಕಾಲು ಚಾಚಿ ಹರಟೆ ಹೊಡೆಯತೊಡಗಿದ್ದಾರೆ, ಅದು ಬೇರೆ ನಷ್ಟ. ಗಾಳಿ ಸೋಸುವ ಯಂತ್ರ ಒಂದು, ಗಾಳಿಯನ್ನು ಹೊರಗೆ ತಳ್ಳುವ ಫ್ಯಾನು ಒಂದು. ಮಗ ನನ್ನೊಡನೆ ಮಾತು ಬಿಟ್ಟ ದಿನಗಳು ಒಂಬತ್ತು. ಸೊಸೆ ಮನೆಯಲ್ಲಿಲ್ಲದ ವಾರಗಳು ಏಳು. ದುಡ್ಡಿನ ಚೀಟಿಗಳೆಲ್ಲ ನಿನ್ನ ಗಂಡನ ಹತ್ತಿರ ಇವೆ, ಅವನ್ನು ಕೇಳಬೇಡ. ದುಡ್ಡಾದರೆ ನಾಲ್ಕು ಬಟ್ಟೆ ಹೆಚ್ಚು ಇಸ್ತ್ರಿ ಮಾಡಿ ಹುಟ್ಟಿಸಬಹುದು. ಒಂದು ಮೇಜು, ಒಂದು ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಬೀದಿ ಬದಿಯಲ್ಲಿ ಶುರು ಮಾಡಿದವಳು ನಾನು. ಕಾಲರು ನೋಡಿ ಆಸಾಮಿಯ ಕೆಲಸ ಯಾವುದೆಂದು ಹೇಳುತ್ತೇನೆ, ತೋಳು ನೋಡಿ ಊಟ ಯಾವುದೆಂದು ಹೇಳುತ್ತೇನೆ. ಅಂಥವಳ ತಲೆಯ ಮೇಲೇ ಇಷ್ಟು ವರ್ಷ ಧೂಳು ಹಾರುತ್ತಿತ್ತು, ಕಾಣಲಿಲ್ಲ ನೋಡು.

ನೀನು ಹೋದ ಮೇಲೆ ನಡೆದದ್ದನ್ನು ನಿನ್ನ ಗಂಡ ಅರ್ಧಂಬರ್ಧ ಹೇಳಿರುತ್ತಾನೆ. ಅವನ ಮಾತು ಯಾವಾಗಲೂ ಗುಂಡಿ ಬಿದ್ದುಹೋದ ಅಂಗಿಯ ಹಾಗೆ. ಸರಿಯಾಗಿ ನಾನೇ ಹೇಳುತ್ತೇನೆ. ನೀನು ಚೀಲ ಹಿಡಿದು ತಾಯಿಮನೆಗೆ ಹೊರಟ ಮರುದಿನ ಅವನು ಊಟದ ತಟ್ಟೆ ಮುಂದಿಟ್ಟುಕೊಂಡು, ‘ಅಮ್ಮಾ, ಡಾಕ್ಟ್ರು ಹೇಳಿದ್ದಾರೆ, ಅವಳಿಗೆ ಆಗ್ತಿಲ್ಲದ್ದು ಗಿಣಿಗಳ ಪುಡಿ. ಮೂರು ಗಿಣಿ ಇರೋ ಮನೇಲಿ ಅವಳು ಉಸಿರಾಡೋಕಾಗಲ್ಲ’ ಎಂದ. ನಾನು, ‘ಇಷ್ಟು ವರ್ಷ ನಾನು ಉಸಿರಾಡ್ತಿಲ್ವೇನೋ?’ ಎಂದೆ. ಆಮೇಲೆ ಒಂಬತ್ತು ದಿನ ಅವನು ನನ್ನ ಹತ್ತಿರ ಉಪ್ಪು ಸಹ ಕೇಳಲಿಲ್ಲ. ಹತ್ತನೆಯ ದಿನ ನಾನೇ ಸೋತು, ಸರಿ, ಮೂರರಲ್ಲಿ ಒಂದನ್ನು ಕಳಿಸೋಣ ಎಂದು ತೀರ್ಮಾನಿಸಿದೆ. ಯಾವುದನ್ನು? ಅದಕ್ಕೆ ಯೋಚನೆಯೇ ಬೇಕಾಗಲಿಲ್ಲ. ಬೂದು ಬಣ್ಣದ ಗುಮಾಸ್ತ ಮೂಲೆಯಲ್ಲಿ ಕೂತು ಕಾಳು ಎಣಿಸುವ ಪ್ರಾಣಿ. ಬಿಳಿ ಜುಟ್ಟಿನ ಬೆಣ್ಣೆ ಹನ್ನೊಂದು ವರ್ಷದಿಂದ ನನ್ನ ಹೆಗಲ ಮೇಲೆ ಬೆಳೆದದ್ದು, ಅದರ ಬಾಯಲ್ಲಿ ಒಂದು ಗಟ್ಟಿ ಮಾತಿಲ್ಲ. ಉಳಿದದ್ದು ಹಸಿರು ಗಲಾಟೆ. ಬೀದಿಗೆಲ್ಲ ಕೇಳುವ ಹಾಗೆ ಕಿರುಚುವುದು, ಹಾಲಿನವನಿಗೆ ಸೀಟಿ ಹೊಡೆಯುವುದು. ಸದ್ದು ಮಾಡುವುದೇ ತೊಂದರೆ ಕೊಡುವುದು ಎಂದು ಲೆಕ್ಕ ಹಾಕಿ, ಎದುರಿನ ಬೀಗ ರಿಪೇರಿಯವನಿಗೆ ಅದನ್ನು ಪಂಜರ ಸಮೇತ ಕೊಟ್ಟೆ.

ಕೊಟ್ಟ ಹನ್ನೆರಡನೆಯ ದಿನ ಅವನು ಪಂಜರ ಎತ್ತಿಕೊಂಡು ಅಂಗಡಿಗೇ ಬಂದ. ನಾಲ್ಕು ಜನ ಗಿರಾಕಿಗಳ ಎದುರಿಗೇ, ‘ಏನಮ್ಮಾ, ಕೆಟ್ಟ ಮಾಲು ದಾಟಿಸಿಬಿಟ್ರಲ್ಲ! ಇದಕ್ಕೆ ದಮ್ಮು ಇದೆ. ಜನ ನನಗೇ ಕಾಯಿಲೆ ಅಂದ್ಕೊಂಡು ಬೀಗಾನ ಬಾಗಿಲಲ್ಲೇ ಇಟ್ಟು ಓಡ್ತಾರೆ’ ಎಂದು ಕೂಗಾಡಿದ. ನನ್ನ ಅಂಗಡಿಯಿಂದ ಮಾಲು ವಾಪಸ್ ಬಂದದ್ದು ಅದೇ ಮೊದಲು. ನಾನು ಸುಮ್ಮನಿರುವವಳೇ? ಅವನನ್ನೂ ಗಿಳಿಯನ್ನೂ ಎಳೆದುಕೊಂಡು ಹಕ್ಕಿ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಗಲಾಟೆಯನ್ನು ಟವೆಲಿನಲ್ಲಿ ಸುತ್ತಿ, ಎದೆಗೆ ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು, ಕಣ್ಣು ಮುಚ್ಚಿ ಕೇಳಿಸಿಕೊಂಡರು. ‘ಅಮ್ಮಾ, ಇದರ ಉಸಿರು ಚೊಕ್ಕವಾಗಿದೆ. ಇದು ಕೆಮ್ತಿಲ್ಲ, ಕೇಳಿದ ಕೆಮ್ಮನ್ನ ಒಪ್ಪಿಸ್ತಿದೆ ಅಷ್ಟೆ. ನಿಮ್ಮನೇಲಿ ಹೀಗೆ ಕೆಮ್ಮೋರು ಯಾರು?’ ಎಂದರು. ನಾನು ಬಹಳ ಹೆಮ್ಮೆಯಿಂದ, ‘ನಮ್ಮನೇಲಾ? ಯಾರೂ ಇಲ್ಲ’ ಎಂದೆ.

ಆಗ ಅದು ಶುರು ಮಾಡಿತು. ಮೊದಲು ನಲ್ಲಿ ತಿರುಗಿಸಿದ ಸದ್ದು. ಆಮೇಲೆ ಬಕೆಟ್ಟಿಗೆ ನೀರು ಧೋ ಎಂದು ಬೀಳುವ ಸದ್ದು. ಆ ನೀರಿನ ಒಳಗಿನಿಂದ ಕೆಮ್ಮು, ಒಂದಲ್ಲ ಎರಡಲ್ಲ, ಬಿಡದೆ ಏಳೆಂಟು ಸಲ. ಕೊನೆಗೆ ಉಸಿರು ಸಿಗದೆ ಸಿಳ್ಳೆಯ ಹಾಗೆ ಎಳೆಯುವುದು. ನಲ್ಲಿ ನಿಂತಿತು. ಗಂಟಲು ಸರಿಮಾಡಿಕೊಂಡು, ನಿನ್ನದೇ ದನಿಯಲ್ಲಿ, ‘ಏನಿಲ್ಲ, ಏನಿಲ್ಲ… ಬಂದೆ ಅತ್ತೇ’ ಎಂದಿತು.

ಹಿಂದಿನ ಬಾಲ್ಕನಿಯ ನಲ್ಲಿಯ ಪಕ್ಕದಲ್ಲೇ ಅಲ್ಲವೇ ಅದರ ಪಂಜರ ಇದ್ದದ್ದು. ಎಲ್ಲದಕ್ಕೂ ಹಲ್ಲು ಕಿಸಿಯುವ ಬೀಗದವನು ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತ. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಎರಡು ವರ್ಷ ನೀನು ನನ್ನೆದುರು ಸೀನಿದಾಗಲೆಲ್ಲ, ಅತ್ತೆ ಬಾಯಿ ತೆರೆದರೆ ಸಾಕು ಇವಳಿಗೆ ಮೂಗು ಕೆರೆಯುತ್ತದೆ ಎಂದುಕೊಂಡವಳು ನಾನು. ಒಂದು ಸಲ ನಿನ್ನ ಕಿವಿಗೆ ಬೀಳುವ ಹಾಗೇ ‘ನಾಟಕ’ ಎಂದೆ. ಸೀನನ್ನು ತೋರಿಸಿದ್ದಕ್ಕೇ ಅಷ್ಟು ಸಿಕ್ಕಿತು, ಇನ್ನು ಕೆಮ್ಮನ್ನು ನೀರಿನ ಸದ್ದಿನಲ್ಲಿ ಬಚ್ಚಿಡದೆ ಏನು ಮಾಡೀಯೆ? ಆ ಮಾತು ತಪ್ಪು. ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ. ತಪ್ಪು ನನ್ನದು, ಕ್ಷಮಿಸು.

ಅಲ್ಲಿಂದ ಮುಂದೆ ಮಾತ್ರ ನಾನು ಕೈಕಟ್ಟಿ ಕೂರಲಿಲ್ಲ. ಎಲ್ಲ ಗಿಳಿಗಳೂ ಒಂದೇ ಸಮ ಪುಡಿ ಉದುರಿಸುವುದಿಲ್ಲ, ಕೆಲವಕ್ಕೆ ಗರಿಯ ಬುಡದಲ್ಲೇ ಹಿಟ್ಟಿನಂಥದ್ದು ಹುಟ್ಟುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಹೇಳಿದ್ದನ್ನು ನಂಬುವುದಕ್ಕಿಂತ ನೋಡುವುದು ವಾಸಿ. ಯಾರೂ ಕೇಳಿಕೊಂಡು ಬಾರದ ಒಂದು ಕಪ್ಪು ಕೋಟು ಅಂಗಡಿಯಲ್ಲಿತ್ತು, ಅದರ ಒಳಗಿನ ಲೈನಿಂಗ್ ಬಟ್ಟೆ ಹರಿದು ಮೂರು ತುಂಡು ಮಾಡಿ ಮೂರು ಪಂಜರಗಳ ಕೆಳಗೆ ಒಂದು ಹಗಲು ಹಾಸಿದೆ. ಗಲಾಟೆಯ ತುಂಡಿನ ಮೇಲೆ ಬರೀ ಕಾಳಿನ ಸಿಪ್ಪೆ, ಕೊಡವಿದರೆ ಹೊಸ ಬಟ್ಟೆ. ಗುಮಾಸ್ತನದರ ಮೇಲೆ ತೆಳುವಾಗಿ ಬೂದಿ. ಬೆಣ್ಣೆಯ ತುಂಡಿನ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಿತ್ತು. ಗದ್ದಲ ಮಾಡಿದ್ದನ್ನು ಓಡಿಸಿ, ಹಿಟ್ಟಿನ ಗಿರಣಿಯನ್ನು ಹೆಗಲ ಮೇಲೆ ಹೊತ್ತು ಮನೆಯೆಲ್ಲ ತಿರುಗಿದ್ದೆ! ನಿನಗೆ ಜ್ವರ ಬಂದು ಮಲಗಿದ್ದಾಗ ಬೇಜಾರಾಗದಿರಲಿ ಎಂದು ಬೆಣ್ಣೆಯನ್ನು ನಿನ್ನ ದಿಂಬಿನ ಹತ್ತಿರವೇ ಕೂರಿಸಿ ಹೋಗುತ್ತಿದ್ದೆನಲ್ಲ, ಮೂರು ದಿನ. ನೀನು ಅದರ ತಲೆ ಸವರಿ ನಕ್ಕೆ. ನಾನು ಒಳ್ಳೆಯ ಅತ್ತೆ ಎಂದು ಸಂತೋಷಪಟ್ಟುಕೊಂಡೆ.

ಪುಡಿ ಎಂದ ಮೇಲೆ ಅದು ನನ್ನ ವ್ಯಾಪಾರಕ್ಕೆ ಸೇರಿದ್ದು. ಒಣ ಪೊರಕೆಗೆ ಪಿಂಚಣಿ ಕೊಟ್ಟೆ. ಒಣ ಧೂಳನ್ನು ಗುಡಿಸಿದರೆ ಅದು ಹೋಗುವುದಿಲ್ಲ, ಜಾಗ ಬದಲಿಸುತ್ತದೆ. ಈಗ ಮೊದಲು ನೀರು ಚಿಮುಕಿಸುವುದು, ಆಮೇಲೆ ಒದ್ದೆ ಬಟ್ಟೆ, ಬಟ್ಟೆ ನೇರವಾಗಿ ಸೋಪಿನ ನೀರಿಗೆ. ತಾರಸಿಯ ಮೇಲಿನ ಸಾಮಾನಿನ ಕೋಣೆ ಖಾಲಿ ಮಾಡಿಸಿ ಗಿಳಿಗಳನ್ನು ಅಲ್ಲಿಗೆ ಹತ್ತಿಸಿದೆ. ಗಾಳಿ ತಳ್ಳುವ ಫ್ಯಾನು ಅಲ್ಲೇ ಇರುವುದು. ಅಲ್ಲಿಗೆ ಹೋಗುವಾಗ ಒಂದು ನಿಲುವಂಗಿ, ತಲೆಗೆ ಬಟ್ಟೆ. ಬರುವಾಗ ಎರಡನ್ನೂ ಬಾಗಿಲಲ್ಲೇ ಕಳಚಿ ಕೈ ಮುಖ ತೊಳೆಯಬೇಕು. ನಿನ್ನ ಗಂಡ ಒಂದು ದಿನ ಮರೆತು ಕೆಳಗಿಳಿದ, ಮೆಟ್ಟಿಲ ಮೇಲೇ ಅಂಗಿ ಬಿಚ್ಚಿಸಿದೆ. ಗಿಳಿಗಳಿಗೆ ದಿನಾ ಬೆಳಿಗ್ಗೆ ಸ್ನಾನ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಲ್ಲೇ. ಗಲಾಟೆ ರೆಕ್ಕೆ ಬಿಚ್ಚಿ ಕುಣಿಯುತ್ತದೆ. ಗುಮಾಸ್ತ ಮೊಕದ್ದಮೆ ಹೂಡುವವನ ಹಾಗೆ ನೋಡುತ್ತಾನೆ. ಸೋಸುವ ಯಂತ್ರ ನಿನ್ನ ಕೋಣೆಯಲ್ಲಿದೆ. ಅಲ್ಲಿ ಗೋಡೆ ಒರೆಸಿ, ಹಾಸಿಗೆ ಹೊಸದು ತರಿಸಿ, ಬೀರುವಿನ ನೆತ್ತಿಯವರೆಗೂ ನಾನೇ ಹತ್ತಿ ತೊಳೆದಿದ್ದೇನೆ.

ಈ ಲಕೋಟೆಯಲ್ಲಿ ಅದೇ ಕೋಟಿನ ಒಂದು ಕಪ್ಪು ತುಂಡು ಸಿಗುತ್ತದೆ. ಹನ್ನೊಂದು ದಿನ ನಿನ್ನ ದಿಂಬಿನ ಮೇಲೆ ಹಾಸಿದ್ದು. ಬೆಳಕಿಗೆ ಹಿಡಿದು ನೋಡು, ಏನೂ ಕಾಣುವುದಿಲ್ಲ. ಆದರೆ ನಿನ್ನ ಹತ್ತಿರ ಸುಳ್ಳು ಹೇಳಲಾರೆ, ಹಜಾರದಲ್ಲಿ ಹಾಸಿದ ತುಂಡು ಮೂರೇ ದಿನಕ್ಕೆ ಮಸುಕಾಗುತ್ತಿದೆ. ಬೆಣ್ಣೆ ತಾರಸಿಯ ಮೇಲಿದ್ದರೂ ಅದರ ಪುಡಿಗೆ ಮೆಟ್ಟಿಲು ಗೊತ್ತು. ಎರಡು ತುಂಡನ್ನೂ ಎದೆ ಡಾಕ್ಟರಿಗೆ ತೋರಿಸಿ, ಇನ್ನು ನೀನು ಮನೆಗೆ ಬರಬಹುದೇ ಎಂದು ಚೌಕಾಸಿ ಮಾಡಿದೆ. ‘ಮಿಕ್ಕ ಎರಡರ ಜೊತೆ ಮೂರು ತಿಂಗಳು ನೋಡೋಣ, ಮುಳ್ಳು ಇಳಿದ್ರೆ ಅವೂ ಹೋಗ್ಬೇಕು. ಆ ಬಿಳಿದು ಇರೋವರೆಗೂ ಮಾತ್ರ ನಾನು ಹೂಂ ಅನ್ನಲ್ಲ’ ಎಂದರು. ಎಷ್ಟು ಸ್ನಾನ ಮಾಡಿಸುತ್ತೇನೆಂದು ಹೇಳಿದರೂ ಆಸಾಮಿ ಒಂದು ಕಾಸು ಇಳಿಯಲಿಲ್ಲ.

ಅದಕ್ಕೇ ಮನೆಗೆ ಬಂದುಬಿಡು ಎಂದು ನಾನು ಕರೆಯುತ್ತಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನ ಬಾ, ಚೀಲ ತರಬೇಡ, ಕೊಳವೆ ತಾ. ಬಾಗಿಲಲ್ಲಿ ಒಂದು ಸಲ ಊದು, ಎರಡು ಗಂಟೆ ಕೂತು ಮತ್ತೆ ಊದು. ಮುಳ್ಳು ಬಿದ್ದರೆ ಮುಲಾಜಿಲ್ಲದೆ ಎದ್ದು ಹೊರಡು. ನಿಮ್ಮಿಬ್ಬರಿಗೆ ರೆಕ್ಕೆಯ ಸೋಂಕಿಲ್ಲದ ಮನೆಯೊಂದನ್ನು ಹುಡುಕುವುದು ನನ್ನ ಜವಾಬ್ದಾರಿ. ಬಾಡಿಗೆ ಮಾತಾಡುವುದನ್ನು ನಿನ್ನ ಗಂಡನಿಗೆ ಬಿಡಬೇಡ, ಅವನಿಗೆ ಬರುವುದಿಲ್ಲ. ಇಲ್ಲಿ ಬಂದು ಕೆಮ್ಮು ಬಂದರೆ ಹಜಾರದ ನಡುವೆ ನಿಂತು ಕೆಮ್ಮು. ಯಾರೂ ಏನೂ ಅನ್ನುವುದಿಲ್ಲ.

ನಿನ್ನ ಅಮ್ಮನಿಗೆ ನನ್ನ ನಮಸ್ಕಾರ. ನಿನಗೆ ಎದೆ ತುಂಬ ಗಾಳಿ ಸಿಗಲಿ, ಅದಕ್ಕಿಂತ ದೊಡ್ಡ ಆಶೀರ್ವಾದ ನನಗೀಗ ಗೊತ್ತಿಲ್ಲ.

ಇಂತಿ,
ನಿನ್ನ ಅತ್ತೆ

ಅಂಟು ಹಚ್ಚುವ ಮೊದಲು ಅವಸರದಲ್ಲಿ: ಡಾಕ್ಟರಮ್ಮನ ಗಾಡಿ ಈಗಷ್ಟೇ ಹೋಯಿತು. ಬೆಣ್ಣೆಯನ್ನು ಅದರಲ್ಲಿ ಕಳಿಸಿದೆ. ಅವರ ಅಂಗಳದ ದೊಡ್ಡ ಬಲೆಮನೆಯಲ್ಲಿ ಇನ್ನೆರಡು ಬಿಳಿ ಜುಟ್ಟಿನವು ಇವೆಯಂತೆ. ನಿನ್ನ ಗಂಡನಿಗೂ ಹೇಳಿಲ್ಲ, ಕೆಳಗೆ ಕೋಟು ಮಡಿಸುತ್ತಿದ್ದಾನೆ. ಬಂದಾಗ ನೀನು ಸಮಾಧಾನ ಹೇಳಬೇಡ, ಥ್ಯಾಂಕ್ಸ್ ಬೇಡವೇ ಬೇಡ. ಯಾರಿಗೆ ಏನು ಸಿಕ್ಕಿತು ಎಂದು ಕೇಳಿದರೆ ಇಷ್ಟು: ಬೆಣ್ಣೆಗೆ ತನ್ನ ಜಾತಿಯ ಜೊತೆ. ಡಾಕ್ಟರಮ್ಮನಿಗೆ ಹೆಗಲೇರಿ ಕೂರುವ ಒಂದು ಹಕ್ಕಿ. ಬೀಗದವನಿಗೆ ಅವನ ಗಿರಾಕಿಗಳು. ಗಲಾಟೆಗೆ ಮನೆ. ನಿನ್ನ ಗಂಡನಿಗೆ ಅಮ್ಮನ ಜೊತೆ ಮಾತು. ನಿನಗೆ ಒಂದು ಚೊಕ್ಕ ಕೋಣೆ. ನನಗೆ, ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ನಿಂತು ದಾರಿ ನೋಡುವ ಕೆಲಸ.